ಅಕ್ಷರದಕ್ಕನ ಹೆಬ್ಬೆರಳು

ಕೇಕಿಗೆ ಏನೂ ಆಗಲಿಲ್ಲ. ಆ ಅಪಘಾತದ ಸುದ್ದಿ ಬೀದಿಯಲ್ಲಿ ಹಬ್ಬಿದ್ದೇ ಹೀಗೆ. ಕೆಂಪು ದೀಪ ಬಿದ್ದಿದೆಯೆಂದು ಮರ್ಯಾದಸ್ಥನಂತೆ ನಿಂತಿದ್ದ ಬೇಕರಿಯ ವ್ಯಾನಿಗೆ ಹಿಂದಿನಿಂದ ಒಂದು ಕಾರು ಬಂದು ಗುದ್ದಿತ್ತು. ವ್ಯಾನು ಓಡಿಸುತ್ತಿದ್ದವನು ಬೇಕರಿಯ ಯಜಮಾನ, ಇಡೀ ಬೀದಿಗೆ ಬನ್ನಣ್ಣ. ಪಕ್ಕದ ಸೀಟಿನಲ್ಲಿ ಎರಡಂತಸ್ತಿನ ಕೇಕಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಅವನ ಹೆಂಡತಿ. ಗುದ್ದಿದ ರಭಸಕ್ಕೆ ಅವಳ ತಲೆ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು, ಕೈ ಮಾತ್ರ ಪೆಟ್ಟಿಗೆ ಬಿಡಲಿಲ್ಲ. ಮುಚ್ಚಳ ತೆಗೆದು ನೋಡಿದರೆ ಒಂದು ಸಕ್ಕರೆ ಹೂವೂ ಅಲುಗಿರಲಿಲ್ಲ. ಬನ್ನಣ್ಣ ಇದನ್ನು ಅಂಗಡಿಗೆ ಬಂದವರಿಗೆಲ್ಲ ಎದೆಯುಬ್ಬಿಸಿಕೊಂಡು ಹೇಳಿದ. ಹೆಂಡತಿಯ ಕತ್ತು ಹೇಗಿದೆಯೆಂದು ಕೇಳಬೇಕು ಅಂತ ಆ ಮಹಾನುಭಾವನಿಗೆ ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ ಅನ್ನಿ. ಸ್ವಲ್ಪ ಹಿಡಿದುಕೊಂಡಿದೆ, ಬಿಸಿನೀರು ಹಾಕಿದರೆ ಹೋಗುತ್ತದೆ ಎಂದುಕೊಂಡಿದ್ದಳು.

ಒಂದೆರಡು ದಿನ ಕಳೆದ ಮೇಲೆ, ಬೆಳಿಗ್ಗೆ ಮಾತಾಡುತ್ತ ನಿಂತಿದ್ದಾಗ ಅವಳ ಕೈಯಿಂದ ಟೀ ಲೋಟ ಜಾರಿತು. ಲೋಟ ಬೀಳುವುದು ದೊಡ್ಡದಲ್ಲ. ಬಿದ್ದದ್ದು ಅವಳಿಗೆ ತಿಳಿಯಲೇ ಇಲ್ಲ. ಬೆರಳುಗಳನ್ನು ಲೋಟ ಹಿಡಿದ ಹಾಗೆಯೇ ಮಡಚಿಕೊಂಡು ಮಾತು ಮುಂದುವರಿಸಿದ್ದಳು, ಟೀ ಅವಳ ಪಾದದ ಸುತ್ತ ಹರಿಯುತ್ತಿತ್ತು. ಅದನ್ನು ನೋಡಿ ಬನ್ನಣ್ಣನ ಎದೆ ಧಸಕ್ಕೆಂದಿತು.

ಯಾಕೆಂದರೆ ಆ ಮನೆಯ ಭಾಗ್ಯವೆಲ್ಲ ಇದ್ದದ್ದು ಆ ಬಲಗೈಯಲ್ಲಿ. ಬನ್ನಣ್ಣನ ಬನ್ನು ತಿಂದವರು ಚೆನ್ನಾಗಿದೆ ಎನ್ನುತ್ತಾರೆ, ಅಷ್ಟೇ. ಅಂಥ ಬನ್ನು ಇನ್ನೂ ನಾಲ್ಕು ಕಡೆ ಸಿಗುತ್ತದೆ, ಅವನು ಬೇಜಾರು ಮಾಡಿಕೊಂಡರೂ ಮಾತು ನಿಜ. ಜನ ಬಸ್ಸು ಬದಲಿಸಿಕೊಂಡು ಬರುವುದು ಕೇಕಿನ ಮೇಲಿನ ಅಕ್ಷರಕ್ಕೆ. ಕಾಗದ ಸುತ್ತಿ ಮಾಡಿದ ಕೋನಿಗೆ ಕ್ರೀಮು ತುಂಬಿ, ಹೆಬ್ಬೆರಳಿನಿಂದ ಒತ್ತುತ್ತ, ಕೋನಿನ ತುದಿಯನ್ನು ಕೇಕಿಗೆ ತಾಗಿಸದೆ ಒಂಚೂರು ಮೇಲೆಯೇ ಓಡಿಸುತ್ತ ಅವಳು ಬರೆಯುತ್ತಿದ್ದರೆ, ಗಾಜಿನ ಆಚೆ ಮಕ್ಕಳು ಮೂಗು ಒತ್ತಿಕೊಂಡು ನಿಲ್ಲುತ್ತಾರೆ. ಹೆಬ್ಬೆರಳು ಒಂದಿಷ್ಟು ಜಾಸ್ತಿ ಒತ್ತಿದರೆ ಅಕ್ಷರಕ್ಕೆ ಹೊಟ್ಟೆ ಬರುತ್ತದೆ, ಕಡಿಮೆಯಾದರೆ ಗೆರೆ ಅರ್ಧಕ್ಕೇ ಹರಿಯುತ್ತದೆ. ಅವಳ ಅಕ್ಷರಕ್ಕೆ ಹೊಟ್ಟೆಯೂ ಬಂದದ್ದಿಲ್ಲ, ಗೆರೆಯೂ ಹರಿದದ್ದಿಲ್ಲ. ಅದಕ್ಕೇ ಅವಳು ಅಕ್ಷರದಕ್ಕ.

ನರದ ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ದೀಪದ ಹಲಗೆಗೆ ಸಿಕ್ಕಿಸಿ ಪೆನ್ನಿನ ತುದಿಯಿಂದ ತೋರಿಸಿದರು. ಕತ್ತಿನ ಮೂಳೆಗಳ ನಡುವೆ ಮೆತ್ತೆಯಂಥ ಡಿಸ್ಕುಗಳಿರುತ್ತವೆ, ಅವುಗಳಲ್ಲಿ ಎರಡು ಆಚೆಗೆ ಉಬ್ಬಿಕೊಂಡು ಕೈಗೆ ಹೋಗುವ ನರವನ್ನು ಒತ್ತುತ್ತಿವೆ ಎಂದರು.

"ಕ್ರೀಮ್ ಬಿಸ್ಕತ್ತು ಜೋರಾಗಿ ಒತ್ತಿದ್ರೆ ಪಕ್ಕದಿಂದ ಬರುತ್ತಲ್ಲ, ಹಾಗಾ ಡಾಕ್ಟ್ರೇ?" ಎಂದು ಬನ್ನಣ್ಣ ಕೇಳಿದ.

"ಸುಮಾರು ಹಾಗೇ," ಎಂದು ಡಾಕ್ಟರು ನಕ್ಕರು. ಆಮೇಲೆ ನಗು ನಿಲ್ಲಿಸಿ ಒಂದು ಉಪಕರಣ ತೆಗೆದರು. ಹಿಡಿಕೆಯೊಂದು, ಅದರ ಮೇಲೆ ಮುಳ್ಳಿರುವ ಬಿಲ್ಲೆಯೊಂದು. ಹಿಡಿಕೆ ಹಿಸುಕಿದರೆ ಕೈಯಲ್ಲಿ ಎಷ್ಟು ಬಲವಿದೆಯೆಂದು ಮುಳ್ಳು ಹೇಳುತ್ತದೆ. ಎಡಗೈಯಲ್ಲಿ ಹಿಸುಕಿದಾಗ ಮುಳ್ಳು ನೆಟ್ಟಗೆ ಎದ್ದಿತು. ಬಲಗೈಗೆ ಕೊಟ್ಟಾಗ ನಿದ್ದೆಗಣ್ಣಿನಲ್ಲಿದ್ದಂತೆ ಒಂಚೂರು ಅಲ್ಲಾಡಿ ಮತ್ತೆ ಮಲಗಿತು.

"ನೋಡಿ ಅಮ್ಮಾ, ಬಹಳ ಜನಕ್ಕೆ ಇದು ತಾನಾಗೇ ಒಳಗೆ ಹೋಗುತ್ತೆ. ಮಾತ್ರೆ ಕೊಡ್ತೀನಿ, ಕತ್ತಿನ ಪಟ್ಟಿ ಸ್ವಲ್ಪ ದಿನ ಹಾಕ್ಕೊಳ್ಳಿ, ಆಮೇಲೆ ವ್ಯಾಯಾಮ. ಒಂದೂವರೆ ತಿಂಗಳು ಬಿಟ್ಟು ಬನ್ನಿ. ಅಷ್ಟರಲ್ಲಿ ಕೈಗೆ ಬಲ ಬಂದಿದ್ರೆ ಸರಿ. ಬಂದಿಲ್ಲ ಅಂದ್ರೆ ಆಪರೇಷನ್ ಮಾಡಲೇಬೇಕು. ನರ ತುಂಬ ದಿನ ಒತ್ತಿಕೊಂಡೇ ಇದ್ರೆ, ಆಮೇಲೆ ಬಿಡಿಸಿದ್ರೂ ಪೂರ್ತಿ ಬಲ ಬರದೇ ಹೋಗಬಹುದು. ಅದಕ್ಕೇ ಹೇಳ್ತಿದೀನಿ, ಆ ದಿನ ಮಾತ್ರ ತಪ್ಪಿಸಬೇಡಿ."

"ಆಪರೇಷನ್ ಎಲ್ಲಿಂದ ಮಾಡ್ತೀರಿ?" ಎಂದು ಅವಳು ಕೇಳಿದಳು.

"ಗಂಟಲಿನ ಮುಂಭಾಗದಿಂದ."

ಅವಳ ಎಡಗೈ ತಾನಾಗಿ ಗಂಟಲಿಗೆ ಹೋಯಿತು. ಮನೆಗೆ ಬರುವ ತನಕ ಅಲ್ಲೇ ಇತ್ತು.

ಕತ್ತಿನ ಪಟ್ಟಿಯ ದಿನಗಳು ಹೇಗೋ ಕಳೆದವು. ಪಟ್ಟಿ ಗದ್ದವನ್ನು ಎತ್ತಿ ಹಿಡಿದಿದ್ದರಿಂದ ಅವಳು ಯಾರನ್ನು ನೋಡಿದರೂ ಮೇಲಿನಿಂದ ನೋಡಿದಂತೆ ಕಾಣುತ್ತಿತ್ತು. ಎದುರಿನ ಬೀಗ ರಿಪೇರಿಯವನು ದಿನಾ ಬಂದು, "ಅಕ್ಕನಿಗೆ ಈಗ ನಾವೆಲ್ಲ ಲೆಕ್ಕಕ್ಕೇ ಇಲ್ಲ ಬಿಡಿ," ಎಂದು ರೇಗಿಸಿ ಹೋಗುತ್ತಿದ್ದ. ಕೇಕಿನ ಮೇಲೆ ಬರೆಯುವ ಕೆಲಸ ಬನ್ನಣ್ಣನ ತಲೆಗೆ ಬಿತ್ತು. ಅವನ ಬರಹದ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು. 'ಹುಟ್ಟುಹಬ್ಬ' ಎಂದು ಬರೆಯಲು ಹೊರಟರೆ ಕೆಳಗಿನ ಒತ್ತಕ್ಷರಗಳು ಕೇಕಿನ ಅಂಚು ದಾಟಿ ತಟ್ಟೆಗೆ ಇಳಿಯುತ್ತಿದ್ದವು. ಬೀಗ ರಿಪೇರಿಯವನ ಮಗಳ ಕೇಕಿನ ಮೇಲೆ ಅವನು ಬರೆದದ್ದನ್ನು ಮಗು ನೋಡಿ, "ಅಪ್ಪಾ, ಇದರ ಮೇಲೆ ಯಾರೋ ನಡೆದುಬಿಟ್ಟಿದಾರೆ," ಎಂದು ಅತ್ತಿತಂತೆ.

ಒಳಗಿನ ಕೋಣೆಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಅಕ್ಷರದಕ್ಕನಿಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ನಕ್ಕರೆ ಕತ್ತು ನೋಯುತ್ತಿತ್ತು, ಅತ್ತರೂ ನೋಯುತ್ತಿತ್ತು.

ಪಟ್ಟಿ ಬಿಚ್ಚಿದ ಮೇಲೆ ವ್ಯಾಯಾಮ ಹೇಳಿಕೊಡುವ ಹುಡುಗಿ ವಾರಕ್ಕೆರಡು ಸಲ ಬರತೊಡಗಿದಳು. ಗದ್ದ ಒಳಗೆ ಎಳೆದುಕೊಳ್ಳಿ, ಭುಜ ಹಿಂದಕ್ಕೆ, ಈ ರಬ್ಬರ್ ಚೆಂಡು ಹಿಸುಕಿ, ಹೀಗೆ. ಕತ್ತು ಬಗ್ಗಿಸದೆ ಸ್ವಲ್ಪ ಹೊತ್ತು ಅಂಗಡಿಯ ಕೆಲಸ ಮಾಡಬಹುದು, ಕೈಗೂ ಒಳ್ಳೆಯದೇ ಎಂದು ಅವಳೇ ಹೇಳಿದಳು. ಬನ್ನಣ್ಣನ ಅಮ್ಮ ಕೂಡಲೇ ಎರಡು ಹಿಟ್ಟಿನ ಡಬ್ಬ ಬೋರಲು ಹಾಕಿ ಅವುಗಳ ಮೇಲೆ ಹಲಗೆಯಿಟ್ಟಳು. ಕೇಕು ಸೊಸೆಯ ಕಣ್ಣಿನ ಮಟ್ಟಕ್ಕೆ ಬಂತು.

"ಇನ್ಮೇಲೆ ಕೇಕೇ ನಿನ್ನ ಹತ್ರ ತಲೆ ಎತ್ತಿ ನಿಲ್ಲುತ್ತೆ, ನೀನು ಬಗ್ಗೋದು ಬೇಡ," ಎಂದಳು ಅಮ್ಮ.

ಆ ಅಂಗಡಿಯ ಪದ್ಧತಿ ಹೀಗೆ: ಓವನ್ ಮತ್ತು ಕ್ರೀಮು ಬನ್ನಣ್ಣನದು. ಬೆಳಿಗ್ಗೆ ಬ್ರೆಡ್ಡು ಇಳಿಸಿದ ಮೇಲೆ ಕ್ರೀಮು ಕಲಸಿ, ಬರೆಯುವುದಕ್ಕೆ ಬೇಕಾದಷ್ಟನ್ನು ಒಂದು ಬೋಗುಣಿಯಲ್ಲಿ ಬೇರೆ ಇಡುತ್ತಾನೆ. ಆ ಬೋಗುಣಿಯಿಂದ ಕೋನು ತುಂಬುವುದು ಅಮ್ಮನ ಕೆಲಸ. ಬನ್ನಣ್ಣನ ಅಪ್ಪ, ಅವಳ ಮಾವನವರು, ಇದ್ದ ಕಾಲದಿಂದಲೂ ಹಾಗೇ. ಬರೆಯುವುದು ಸೊಸೆಯದು. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಮೂಗು ತೂರಿಸಬಾರದೆಂದು ಮಾವನವರು ಹಾಕಿದ್ದ ಕಟ್ಟಪ್ಪಣೆ. ಅವರು ಹೋಗಿ ಎಷ್ಟೋ ಕಾಲವಾದರೂ ಅಪ್ಪಣೆ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ.

ಮೊದಲ ದಿನ ಅವಳು ಕೋನು ಹಿಡಿದು ಹೆಬ್ಬೆರಳು ಒತ್ತಿದಳು. ಏನೂ ಬರಲಿಲ್ಲ. ಇನ್ನೂ ಒತ್ತಿದಳು. ತುದಿಯಲ್ಲಿ ಕ್ರೀಮು ಒಂದು ಸಾಸಿವೆಯಷ್ಟು ಇಣುಕಿ ಅಲ್ಲೇ ನಿಂತಿತು. ಅವಳು ಕೋನನ್ನು ಮೆಲ್ಲಗೆ ಕೆಳಗಿಟ್ಟು, ಗಾಜಿನ ಕಪಾಟಿನ ಕಡೆ ತಿರುಗಿ, ಅಲ್ಲಿದ್ದ ಕೇಕುಗಳನ್ನು ಹಿಂದುಮುಂದು ಸರಿಸುತ್ತ ನಿಂತಳು. ಸರಿಸುವಂಥದ್ದು ಅಲ್ಲೇನೂ ಇರಲಿಲ್ಲ. ಓವನ್ ಬಾಗಿಲಿನಿಂದ ಬನ್ನಣ್ಣ ಅವಳ ಬೆನ್ನು ನೋಡಿದ. ಆ ಬೆನ್ನು ಅಳುತ್ತಿದೆಯೆಂದು ತಿಳಿಯಲು ಅವನಿಗೆ ಮುಖ ಕಾಣಬೇಕಾಗಿರಲಿಲ್ಲ, ಇಷ್ಟು ವರ್ಷ ಸಂಸಾರ ಮಾಡಿದ್ದಾನೆ.

ಮಾರನೆಯ ಬೆಳಿಗ್ಗೆ ಅವನು ಅತ್ತ ಇತ್ತ ನೋಡಿ, ಬರೆಯುವ ಕ್ರೀಮಿನ ಬೋಗುಣಿಗೆ ಒಂದಿಷ್ಟು ಬೆಚ್ಚಗಿನ ಹಾಲು ಸುರಿದು ಕಲಸಿದ. ಕ್ರೀಮು ಮೆತ್ತಗಾಯಿತು. ಬೆರಳು ಮುಟ್ಟಿದರೆ ಸಾಕು, ಸರಾಗವಾಗಿ ಇಳಿಯುವಷ್ಟು ಮೆತ್ತಗೆ. ಕಳ್ಳತನ ಮಾಡಿದವನಂತೆ ಹಾಲಿನ ಪಾತ್ರೆ ತೊಳೆದಿಟ್ಟ.

ಆ ದಿನ ಅವಳು ಬರೆದಳು. ಸೊಟ್ಟಪಟ್ಟ, ಆದರೂ ಅಕ್ಷರ. "ಬಂತು ಕಣ್ರೀ!" ಎಂದು ಅಂಗಡಿಯಲ್ಲಿ ಗಿರಾಕಿಗಳಿದ್ದಾರೆಂಬುದನ್ನೂ ಮರೆತು ಕೂಗಿದಳು. ಬನ್ನಣ್ಣ ಬ್ರೆಡ್ಡಿನ ತಟ್ಟೆ ಹಿಡಿದುಕೊಂಡೇ ಓಡಿ ಬಂದ. ಅವಳ ಮುಖ ನೋಡಿ, ತಾನು ಮಾಡಿದ್ದೇ ಸರಿ ಎಂದುಕೊಂಡ. ಗಂಡಸರು ಇಂಥ ಹೊತ್ತಿನಲ್ಲೇ ಎಡವುವುದು.

ಅಲ್ಲಿಂದ ಅದು ದಿನದ ಪದ್ಧತಿಯಾಯಿತು. ಬೆಳಿಗ್ಗೆ ಬ್ರೆಡ್ಡು, ಆಮೇಲೆ ಕ್ರೀಮು, ಆಮೇಲೆ ಹಾಲು. ಅವಳ ಅಕ್ಷರ ವಾರದಿಂದ ವಾರಕ್ಕೆ ತಿದ್ದಿಕೊಂಡಿತು. ಸೊಟ್ಟ ಹೋಯಿತು, ನಡುಕ ಹೋಯಿತು, ಗೆರೆಗಳು ಇಸ್ತ್ರಿ ಮಾಡಿದಂತೆ ನಿಂತವು. ಬನ್ನಣ್ಣನಿಗೆ ಮೊದಮೊದಲು ಖುಷಿಯಾಯಿತು. ಬರಬರುತ್ತ ಆ ಅಕ್ಷರಗಳು ಕಣ್ಣಿಗೆ ಬಿದ್ದರೇ ಓವನ್ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದ. ಇದು ಕೈಯ ಬಲವಲ್ಲ, ಹಾಲಿನ ಬಲ ಎಂದು ಅವನೊಬ್ಬನಿಗೇ ಗೊತ್ತು. ಅವಳು ಮಧ್ಯಾಹ್ನ, "ಯಾಕೋ ತೋಳೆಲ್ಲ ಸೋತುಹೋಗಿದೆ ರೀ, ಕೋನು ಒತ್ತಿ ಒತ್ತಿ," ಎಂದರೆ, ನೀರಿನಂಥ ಕ್ರೀಮು ಒತ್ತುವುದಕ್ಕೂ ಇವಳಿಗೆ ಇಷ್ಟು ಸುಸ್ತೇ ಎಂದು ಅವನ ಜೀವ ಬಾಯಿಗೆ ಬರುತ್ತಿತ್ತು. ಹಾಲು ನಿಲ್ಲಿಸೋಣವೆಂದರೆ ಅವಳ ನಗು ನಿಂತುಹೋಗುತ್ತದೆ. ನಿಲ್ಲಿಸದಿದ್ದರೆ?

ಅಮ್ಮನೂ ಈಚೆಗೆ ಅವನನ್ನು ಒಂಥರಾ ನೋಡುತ್ತಿದ್ದಳು. ಊಟಕ್ಕೆ ಕೂತರೆ ಅವನ ತಟ್ಟೆಗೆ ಎರಡು ಮೊಟ್ಟೆ ಹೆಚ್ಚಾಗಿ ಬೀಳುತ್ತಿದ್ದವು. "ನಿದ್ದೆ ಬರ್ತಿದೆಯೇನೋ ನಿಂಗೆ?" ಎಂದು ಕೇಳುವಳು. "ಬರ್ತಿದೆಯಮ್ಮ," ಎಂದರೆ, "ಹೂಂ, ಎಲ್ಲಾ ಸರಿಹೋಗುತ್ತೆ, ತಲೆ ಕೆಡಿಸ್ಕೋಬೇಡ," ಎಂದು ತಲೆ ಸವರಿ ಹೋಗುವಳು. ನಡುವಯಸ್ಸಿನ ಬನ್ನಣ್ಣನಿಗೆ ಇದೆಲ್ಲಿಯ ಮುದ್ದು ಎಂದು ಅರ್ಥವಾಗುತ್ತಿರಲಿಲ್ಲ.

ಡಾಕ್ಟರು ಹೇಳಿದ ದಿನಕ್ಕೆ ಮುಂಚಿನ ಸಂಜೆ ಅಂಗಡಿಯ ಕಪಾಟು ಒರೆಸುತ್ತ ಅವಳು ಹಗುರವಾಗಿ ಹೇಳಿದಳು: "ನಾಳೆ ಹೋಗೋದು ಬೇಡ ಬಿಡ್ರೀ. ಫೋನ್ ಮಾಡಿ ಹೇಳ್ಬಿಡ್ತೀನಿ."

"ಏನು ಬೇಡ?"

"ಡಾಕ್ಟ್ರ ಹತ್ರ. ಕೈ ಬಂದಿದೆಯಲ್ಲ, ಬೆಳಿಗ್ಗೆಯಿಂದ ಆರು ಕೇಕು ಬರೆದಿದೀನಿ. ನೋಡಿ ಇದನ್ನ." ಕಪಾಟಿನಲ್ಲಿದ್ದ ಕೇಕೊಂದನ್ನು ತೋರಿಸಿದಳು. ಅಕ್ಷರಗಳು ಹಳೆಯ ಅಕ್ಷರದಕ್ಕನವೇ. "ಅವರ ಹತ್ರ ಹೋದ್ರೆ ಮತ್ತೆ ಗಂಟಲು ಕೊಯ್ಯೋ ಮಾತೆತ್ತುತ್ತಾರೆ. ನಂಗೆ ಅದನ್ನ ಕೇಳೋಕೂ ಆಗಲ್ಲ."

ಬನ್ನಣ್ಣ ಕೈಯಲ್ಲಿದ್ದ ಬ್ರೆಡ್ಡಿನ ತಟ್ಟೆ ಕೆಳಗಿಟ್ಟ. ತಡಮಾಡಿದರೆ ಬಲ ಪೂರ್ತಿ ಬರದೇ ಹೋಗಬಹುದು, ಆ ಮಾತು ಅವನ ಕಿವಿಯಲ್ಲಿ ಗುಂಯ್‌ಗುಟ್ಟಿತು. ಇನ್ನು ಸುಮ್ಮನಿದ್ದರೆ ತಾನು ಗಂಡನಲ್ಲ, ಅವಳ ಕೈಗೆ ಶತ್ರು.

"ಹೋಗಲೇಬೇಕು," ಎಂದ.

"ಯಾಕೆ?"

"ಹೋಗಬೇಕು ಅಂದ್ರೆ ಹೋಗಬೇಕು."

"ಕಾರಣ ಹೇಳಿ, ಬರ್ತೀನಿ."

ಬನ್ನಣ್ಣ ಕೌಂಟರಿನ ಅಂಚು ಹಿಡಿದುಕೊಂಡ. "ಆ ಕ್ರೀಮಿಗೆ ನಾನು ಹಾಲು ಹಾಕ್ತಿದ್ದೆ ಕಣೇ. ದಿನಾ. ನಿಂಗೆ ಒತ್ತೋಕೆ ಸುಲಭ ಆಗ್ಲಿ ಅಂತ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಒರೆಸುವ ಬಟ್ಟೆ ಕೈಯಲ್ಲೇ ಇತ್ತು. ಕಪಾಟಿನ ಕೇಕನ್ನು ನೋಡಿದಳು, ತನ್ನ ಕೈಯನ್ನು ನೋಡಿಕೊಂಡಳು, ಕೊನೆಗೆ ಗಂಡನ ಮುಖ ನೋಡಿದಳು.

"ಅಂದ್ರೆ ಇದ್ಯಾವುದೂ ನಾನು ಬರೆದಿದ್ದಲ್ಲ," ಎಂದಳು.

"ಹಾಗಲ್ಲ ಕಣೇ..."

"ಮತ್ತೆ ಹೇಗೆ? ನಾನು ಊರಿಗೆಲ್ಲ ಹೇಳ್ಕೊಂಡು ಬಂದೆ, ಕೈ ಬಂತು ಕೈ ಬಂತು ಅಂತ. ನೀವು ಹಿಂದೆ ನಿಂತ್ಕೊಂಡು ಹಾಲು ಸುರೀತಾ ಇದ್ರಿ. ಮಗೂಗೆ ನಡೆಯೋಕೆ ಕಲಿಸೋ ಹಾಗೆ."

ಅವಳು ಕೂಗಾಡಿದ್ದರೆ ಅವನಿಗೆ ಒಳ್ಳೆಯದಿತ್ತು. ಅವಳು ಬಟ್ಟೆಯನ್ನು ನೀಟಾಗಿ ಮಡಚಿಟ್ಟು ಒಳಗೆ ಹೋದಳು.

ಬೆಳಿಗ್ಗೆ ಇಬ್ಬರೂ ಡಾಕ್ಟರ ಬಳಿಗೆ ವ್ಯಾನಿನಲ್ಲಿ ಹೊರಟರು. ಬನ್ನಣ್ಣ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಹಿಂದಿನ ಗಾಡಿಗಳನ್ನು ಕನ್ನಡಿಯಲ್ಲಿ ಗುರಾಯಿಸಿದ, ಪಕ್ಕಕ್ಕೆ ನೋಡಲು ಧೈರ್ಯ ಸಾಲಲಿಲ್ಲ. ಅವಳು ಎಡಗೈಯಲ್ಲಿ ಬಲಗೈ ಹೆಬ್ಬೆರಳನ್ನು ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಆಪರೇಷನ್ನಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಕೈಗೆ ಬಲ ಬರುವ ದಿನಗಳಲ್ಲಿ ಅವಳಿಗೆ ಒಂದು ಗಟ್ಟಿ ವಸ್ತುವನ್ನೂ ಒತ್ತಲು ಬಿಡದೆ ಹಾಳು ಮಾಡಿದೆನೇನೋ ಎಂಬ ಹೊಸ ಭಯ ಬೇರೆ ಹುಟ್ಟಿತು.

ಡಾಕ್ಟರು ಅವಳ ಕತ್ತು ತಿರುಗಿಸಿ ನೋಡಿದರು. ಮೊಣಕೈಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಹತ್ತಿಯಿಂದ ಬೆರಳು ಸವರಿ, "ಗೊತ್ತಾಗ್ತಿದೆಯಾ?" ಎಂದರು. "ಆಗ್ತಿದೆ," ಎಂದಳು, ತನ್ನ ಮಾತನ್ನೇ ನಂಬದವಳ ಹಾಗೆ. ಆಮೇಲೆ ಮುಳ್ಳಿನ ಉಪಕರಣ ಅವಳ ಬಲಗೈಗೆ ಬಂತು.

ಬನ್ನಣ್ಣ ಕಣ್ಣು ಮುಚ್ಚಿಕೊಂಡ. ದೊಡ್ಡ ಗಂಡಸು, ದಿನಾ ಬೆಂಕಿಯೆದುರು ನಿಲ್ಲುವವನು, ಒಂದು ಮುಳ್ಳು ನೋಡಲಾರದೆ ಹೋದ.

"ಇದೇನಮ್ಮಾ ಇದು!" ಎಂದರು ಡಾಕ್ಟರು.

ಅವನು ಕಣ್ಣನ್ನು ಇನ್ನೂ ಬಿಗಿಯಾಗಿ ಮುಚ್ಚಿಕೊಂಡ.

"ಇನ್ನೊಂದ್ಸಲ ಹಿಸುಕಿ. ಹಾಂ. ಇನ್ನೊಂದ್ಸಲ." ಡಾಕ್ಟರು ಹಳೆಯ ಚೀಟಿ ನೋಡಿದರು, ಬಿಲ್ಲೆ ನೋಡಿದರು. "ಎಡಗೈಗೆ ಹತ್ತಿರ ಹತ್ತಿರ ಬಂದಿದೆಯಲ್ರೀ! ಇಷ್ಟು ಬೇಗ ನಾನೂ ಅಂದ್ಕೊಂಡಿರಲಿಲ್ಲ. ಆಪರೇಷನ್ ಮಾತು ಬಿಡಿ ಇನ್ನು. ವ್ಯಾಯಾಮ ನಿಲ್ಲಿಸಬೇಡಿ, ಭಾರ ಎತ್ತಬೇಡಿ, ಅಷ್ಟೇ."

ಬನ್ನಣ್ಣ ಕಣ್ಣು ಬಿಟ್ಟ. ಮುಳ್ಳು ಎದ್ದು ನಿಂತಿತ್ತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹಾಲಿನ ನೆನಪು ಬಂದದ್ದೇ ತಲೆ ಮತ್ತೆ ಗೊಂದಲದ ಗೂಡಾಯಿತು.

"ಆಗೋಕೆ ಸಾಧ್ಯ ಇಲ್ಲ ಡಾಕ್ಟ್ರೇ," ಎಂದುಬಿಟ್ಟ.

ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿದರು. "ಯಾಕೆ, ನಿಮಗೆ ಆಪರೇಷನ್ ಮಾಡಿಸಲೇಬೇಕು ಅಂತ ಆಸೆಯಾ?"

"ಅಯ್ಯೋ, ಇಲ್ಲ ಇಲ್ಲ. ಅವಳು ಒತ್ತುತ್ತಿದ್ದ ಕ್ರೀಮು ತೆಳು. ನಾನೇ ಹಾಲು ಹಾಕ್ತಿದ್ದೆ. ಅದರಲ್ಲಿ ಕೈಗೆ ಬಲ ಹೇಗೆ ಬರುತ್ತೆ?"

"ಕ್ರೀಮು ನಂಗೊತ್ತಿಲ್ಲಪ್ಪ. ನರ ಬಿಡಿಸಿಕೊಂಡಿದೆ, ಕೈ ಕೆಲಸ ಮಾಡಿದೆ. ಈ ಕೈ ಸುಮ್ಮನೆ ಕೂತಿದ್ದ ಕೈಯಲ್ಲ," ಎಂದು ಅವರು ಗಂಟೆ ಒತ್ತಿದರು. ಹೊರಗೆ ಕಾಯುವವರು ಬೇಕಾದಷ್ಟಿದ್ದರು.

ಮೆಟ್ಟಿಲಿಳಿಯುವಾಗ ಅವಳು ಗಂಡನ ಕಡೆ ತಿರುಗಿದಳು. "ನಿಜ ಹೇಳಿ. ಹಾಲು ಹಾಕ್ತಿದ್ರಾ, ಇಲ್ಲಾ ನನ್ನ ಇಲ್ಲಿಗೆ ಕರ್ಕೊಂಡು ಬರೋಕೆ ಸುಳ್ಳು ಹೇಳಿದ್ರಾ?"

"ನಿನ್ನಾಣೆ ಹಾಕ್ತಿದ್ದೆ ಕಣೇ. ನಿನ್ನೆ ಬೆಳಿಗ್ಗೆಯೂ ಹಾಕಿದೀನಿ."

"ನಿನ್ನೆ ಆ ಕ್ರೀಮು ಒತ್ತಿ ಒತ್ತಿ ನನ್ನ ತೋಳು ಬಿದ್ದುಹೋಯ್ತು. ಕಲ್ಲಿದ್ದ ಹಾಗಿತ್ತು." ಅವಳು ಮೆಟ್ಟಿಲ ಮೇಲೇ ನಿಂತಳು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಬೋಗುಣಿಗೂ ಕೋನಿಗೂ ನಡುವೆ ಇದ್ದವರು ಒಬ್ಬರೇ.

ಅಮ್ಮ ಅಂಗಡಿಯ ಸ್ಟೂಲಿನ ಮೇಲೆ ಕೂತು ಕಾಗದ ಸುತ್ತುತ್ತಿದ್ದಳು. ಇಬ್ಬರೂ ಒಳಗೆ ಬಂದದ್ದು ನೋಡಿ ಎದ್ದೇಬಿಟ್ಟಳು. "ಏನಂದ್ರು? ಮೊದಲು ಅದು ಹೇಳಿ."

"ಆಪರೇಷನ್ ಬೇಡ ಅಂದ್ರು ಅತ್ತೆ. ಕೈ ಬಂದಿದೆ."

ಅಮ್ಮ ಮತ್ತೆ ಸ್ಟೂಲಿನ ಮೇಲೆ ಕುಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಸೊಸೆಯ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಇಷ್ಟೆಲ್ಲ ಆದ ಮೇಲೆ ಬನ್ನಣ್ಣ ಮೆಲ್ಲಗೆ ಕೇಳಿದ: "ಅಮ್ಮಾ, ನಾನು ಇಡ್ತಿದ್ದ ಕ್ರೀಮಿಗೆ ನೀನೇನಾದ್ರೂ ಮಾಡ್ತಿದ್ಯಾ?"

ಅಮ್ಮ ಸೊಸೆಯ ಕಡೆ ನೋಡಿದಳು, ಹೇಳಲೋ ಬೇಡವೋ ಎಂಬಂತೆ. "ನೀನು ಬೇಜಾರು ಮಾಡ್ಕೋಬಾರದು ಕಣೋ."

"ಇಲ್ಲ, ಹೇಳು."

"ಒಂದಿನ ಸೆಕೆಗೆ ಅಕ್ಷರವೆಲ್ಲ ಕೇಕಿನ ಮೇಲಿಂದ ಇಳಿದು ಬರ್ತಿತ್ತು. ಏನಪ್ಪಾ ಅಂತ ಬೋಗುಣಿ ನೋಡ್ತೀನಿ, ಕ್ರೀಮಲ್ಲ ಅದು, ಗಂಜಿ. ಮಾರನೇ ದಿನವೂ ಗಂಜಿ. ಹೆಂಡತಿ ಯೋಚನೇಲಿ ಹುಡುಗನಿಗೆ ತಲೆ ಕೆಟ್ಟುಹೋಗಿದೆ, ಕೈ ಹದ ತಪ್ಪಿದೆ ಅಂದ್ಕೊಂಡೆ. ಹೇಳಿದ್ರೆ ಇನ್ನೂ ಕುಗ್ಗಿಹೋಗ್ತಾನೆ. ಅದಕ್ಕೇ ನೀನು ಓವನ್ ಕಡೆ ಹೋದ ಮೇಲೆ ದಿನಾ ಸಕ್ಕರೆ ಪುಡಿ, ಬೆಣ್ಣೆ ಹಾಕಿ ಗಟ್ಟಿ ಮಾಡಿಡ್ತಿದ್ದೆ. ಮೊದಮೊದಲು ಒಂಚೂರು, ಬರಬರುತ್ತ ನಿಮ್ಮಪ್ಪ ಮಾಡ್ತಿದ್ದರಲ್ಲ, ಅಷ್ಟು ಗಟ್ಟಿ."

"ಎಷ್ಟು ದಿನದಿಂದ?"

"ಅಯ್ಯೋ, ಸುಮಾರು ದಿನ ಆಯ್ತು. ಅವಳು ಬರೆಯೋಕೆ ಶುರು ಮಾಡಿದ ವಾರದಿಂದಲೇ ಇರಬೇಕು."

ಅಕ್ಷರದಕ್ಕ ನಗತೊಡಗಿದಳು. ಮೊದಲು ಬಾಯಿ ಮುಚ್ಚಿಕೊಂಡು, ಆಮೇಲೆ ಕೌಂಟರಿಗೆ ಒರಗಿಕೊಂಡು, ಕೊನೆಗೆ ಕತ್ತು ಹಿಡಿದುಕೊಂಡು, "ಅಯ್ಯೋ, ನೋವು, ಅಯ್ಯೋ," ಎನ್ನುತ್ತ ನಕ್ಕಳು. ಒಂದೂವರೆ ತಿಂಗಳ ನಗು ಅದು, ಒಂದೇ ಸಲಕ್ಕೆ ಮುಗಿಯುವಂತಿರಲಿಲ್ಲ. "ಹಾಗಿದ್ರೆ ಅದೆಲ್ಲ ನಾನೇ ಬರೆದಿದ್ದು! ಅತ್ತೆ, ನಾನೇ ಬರೆದಿದ್ದು!"

"ಇನ್ಯಾರು ಬರೀತಾರೆ ಮಗಾ, ಇವನಾ?" ಎಂದಳು ಅಮ್ಮ. ಮಗನ ಕಡೆ ತಿರುಗಿದ ಮೇಲಷ್ಟೇ ಅವಳಿಗೆ ವಿಷಯ ಪೂರ್ತಿ ತಲೆಗೆ ಹೋಯಿತು. "ಅಂದ್ರೆ ಬೇಕಂತಲೇ ಹಾಕ್ತಿದ್ಯಾ ಹಾಲನ್ನ? ದಿನಾ ಎರಡು ಮೊಟ್ಟೆ ಜಾಸ್ತಿ ಇಟ್ಟೆನಲ್ಲೋ ನಿಂಗೆ! ತಲೆ ಸರಿಹೋಗ್ಲಿ ಅಂತ!"

ಬನ್ನಣ್ಣ ಬೆಪ್ಪನಂತೆ ನಿಂತಿದ್ದ. ಬೈಸಿಕೊಳ್ಳುತ್ತಿದ್ದರೂ ಅವನಿಗೆ ಎದೆಯ ಮೇಲಿಂದ ಹಿಟ್ಟಿನ ಮೂಟೆ ಇಳಿಸಿದಷ್ಟು ಹಗುರವಾಗಿತ್ತು.

ಹೆಂಡತಿ ಕಣ್ಣೊರೆಸಿಕೊಂಡು ಅವನೆದುರು ಬಂದು ನಿಂತಳು. "ಇನ್ನೇನೇನು ಮಾಡಿದ್ದೀರಿ? ಒಂದೂ ಬಿಡದೆ ಈಗಲೇ ಕಕ್ಕಿಬಿಡಿ."

"ಏನಿಲ್ಲ."

"ರೀ."

"ಅದು... ಮುಚ್ಚಳ," ಎಂದ ಬನ್ನಣ್ಣ ನೆಲ ನೋಡುತ್ತ. "ಅಂಗಡಿ ಮುಚ್ಚುವಾಗ ಡಬ್ಬಿಗಳ ಮುಚ್ಚಳವೆಲ್ಲ ಸಡಿಲ ಮಾಡಿಡ್ತಿದ್ದೆ. ಬೆಳಿಗ್ಗೆ ನೀನು ತೆಗೆಯೋಕೆ ಹೋಗಿ ಬರಲಿಲ್ಲ ಅಂದ್ರೆ, ಮತ್ತೆ ಆವತ್ತಿನ ಹಾಗೆ ಆ ಕಡೆ ತಿರುಗಿ ನಿಲ್ತೀಯ ಅಂತ. ನಂಗೆ ಅದನ್ನ ನೋಡೋಕಾಗಲ್ಲ ಕಣೇ."

ಅವಳ ಸಿಟ್ಟು ಅಲ್ಲಿಗೇ ಇಳಿಯಿತು. ಆದರೆ ಅಮ್ಮ ಬಿಡುವವಳೇ? "ಅದಕ್ಕೇನೋ ಬಿಸ್ಕತ್ತೆಲ್ಲ ಮೆತ್ತಗಾಗ್ತಿದ್ದಿದ್ದು! ಆ ಬೀಗದವನು ದಿನಾ ಬಂದು, ಅಜ್ಜಿ, ನಿಮ್ಮ ಬಿಸ್ಕತ್ತು ನಮ್ಮಜ್ಜಿಗೂ ಅಗಿಯೋಕೆ ಬರುತ್ತೆ ಅಂತ ಆಡ್ಕೊಂಡು ಹೋದ್ನಲ್ಲೋ! ನಾನು ಹಿಟ್ಟಿನವನಿಗೆ ಬೈದೆ!"

ಅಕ್ಷರದಕ್ಕ ಬಿಸ್ಕತ್ತಿನ ಕಪಾಟಿಗೆ ಹೋದಳು. ಗಾಜಿನ ಡಬ್ಬಿಗಳು ಸಾಲಾಗಿದ್ದವು. ಒಂದೊಂದನ್ನೂ ಎಡಗೈಯಲ್ಲಿ ಹಿಡಿದು ಬಲಗೈಯಿಂದ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ಒಂದನ್ನೂ ಬಿಡಲಿಲ್ಲ. ಬನ್ನಣ್ಣ ನೋಡುತ್ತ ನಿಂತ, ಸಹಾಯ ಮಾಡಲು ಹೋಗಲಿಲ್ಲ. ಅಷ್ಟು ಬುದ್ಧಿ ಅವನಿಗೆ ಆ ಹೊತ್ತಿಗೆ ಬಂದಿತ್ತು.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ಬೀಗ ರಿಪೇರಿಯವನು ಬಂದು ಬಿಸ್ಕತ್ತು ಕೇಳಿದ. ಬನ್ನಣ್ಣ ಡಬ್ಬಿ ಎತ್ತಿಕೊಂಡು ಮುಚ್ಚಳ ತಿರುಗಿಸಿದ. ಅದು ಅಲ್ಲಾಡಲಿಲ್ಲ. ಹೊಟ್ಟೆಗೆ ಒತ್ತಿ ಹಿಡಿದು ತಿರುಗಿಸಿದ. ಬಟ್ಟೆ ಸುತ್ತಿ ತಿರುಗಿಸಿದ. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಮುಚ್ಚಳ ಮಾತ್ರ ಇದ್ದಲ್ಲೇ ಇತ್ತು.

"ಕೊಡಿ ಇಲ್ಲಿ, ಬೀಗ ಒಡೆದು ಅಭ್ಯಾಸ ನಂಗೆ," ಎಂದು ಅವನು ಕೈ ಚಾಚಿದ.

ಬನ್ನಣ್ಣ ಡಬ್ಬಿಯನ್ನು ಅವನಿಗೆ ಕೊಡಲಿಲ್ಲ. ಎರಡೂ ಕೈಯಲ್ಲಿ ಅಪ್ಪಿಕೊಂಡು ಒಳಕ್ಕೆ ಮುಖ ಮಾಡಿ, ಇಡೀ ಬೀದಿಗೆ ಕೇಳಿಸುವಂತೆ ಕೂಗಿದ: "ಲೇ, ಸ್ವಲ್ಪ ಬಾರೇ ಇಲ್ಲಿ! ನನ್ನ ಕೈಯಲ್ಲಿ ಆಗ್ತಿಲ್ಲ!"

ಅವಳು ಬಂದಳು. ಕೋನನ್ನು ಪಕ್ಕಕ್ಕಿಟ್ಟು, ಡಬ್ಬಿ ತೆಗೆದುಕೊಂಡು ಮುಚ್ಚಳಕ್ಕೆ ಕೈ ಹಾಕಿದಳು. ಒಂದು ಸಲ ತಿರುಗಿಸಿದಳು, ಬಂತು. ಡಬ್ಬಿಯನ್ನು ಗಂಡನ ಕೈಗಿಟ್ಟು, ಬರೆಯುವುದು ಅರ್ಧಕ್ಕೆ ನಿಂತಿದೆಯೆಂದು ಬೇಗಬೇಗ ಹೋದಳು.

"ಏನ್ರೀ ಬನ್ನಣ್ಣ, ಹೆಂಡತಿ ಎದುರು ಮಾನ ಹೋಯ್ತಲ್ಲ!" ಎಂದ ಬೀಗದವನು.

"ಹೋಗ್ಲಿ ಬಿಡಯ್ಯ," ಎಂದು ಬನ್ನಣ್ಣ ಒಂದು ಹಿಡಿ ಬಿಸ್ಕತ್ತು ಹೆಚ್ಚಾಗಿಯೇ ಪೊಟ್ಟಣಕ್ಕೆ ಹಾಕಿದ. ಕಣ್ಣಲ್ಲಿ ನೀರಿದ್ದುದರಿಂದ ಅರ್ಧ ಕೆಳಗೆ ಬಿದ್ದವು.